ನೀರಿಗಾಗಿ ಹೋರಾಟ, ನೀರಿಗಾಗಿ ಪರದಾಟ: ‘ಸ್ಟ್ರಗಲ್’ ಎಂಬ ಕ್ರಿಯಾಪದವನ್ನು ಕುರಿತು

(ಬಸವನಗುಡಿಯಲ್ಲಿ ಅನುವಾದಕರೂ ಶಾಲಾ ಶಿಕ್ಷಕರೂ ಸೇರಿದ್ದ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಇಂಗ್ಲಿಷಿನ ಒಂದು ಕ್ರಿಯಾಪದದ ಬಗ್ಗೆ ಮಾತಾಡಲು ಬಂದಿರುವ ನಾನು ನಮ್ಮ ಊರಿನ ನೀರಿನಿಂದ ಆರಂಭಿಸಿದರೆ ತಾವು ತಪ್ಪು ತಿಳಿಯಬಾರದು. ಕಾವೇರಿ ನೀರನ್ನು ತಮಿಳುನಾಡಿಗೆ ಬಿಡುವುದನ್ನು ವಿರೋಧಿಸಿ 2023ರ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್ ನಡೆಯಿತು. ಅದಾಗಿ ಆರು ತಿಂಗಳು ಕಳೆಯುವಷ್ಟರಲ್ಲಿ, 2024ರ ಮಾರ್ಚಿನ ಹೊತ್ತಿಗೆ, ಕೊಳವೆ ಬಾವಿಗಳು ಬತ್ತಿ, ಇದೇ ಊರಿನ ಎಷ್ಟೋ ಬಡಾವಣೆಗಳ ಜನ ಟ್ಯಾಂಕರಿನ ದಾರಿ ಕಾಯುತ್ತ, ಬಿಂದಿಗೆ ಕ್ಯಾನುಗಳನ್ನು ಹಿಡಿದು ಕುಡಿಯುವ ನೀರಿನ ಘಟಕಗಳ ಮುಂದೆ ಸಾಲುಗಟ್ಟಿ ನಿಂತರು. ಮೊದಲನೆಯದು ನೀರಿಗಾಗಿ ಹೋರಾಟ. ಎರಡನೆಯದು ನೀರಿಗಾಗಿ ಪರದಾಟ. ಕನ್ನಡ ಬಲ್ಲ ಯಾರೂ ಈ ಎರಡನ್ನು ಅದಲುಬದಲು ಮಾಡುವುದಿಲ್ಲ. ಬಿಂದಿಗೆ ಹಿಡಿದು ನಿಂತ ತಾಯಿಯನ್ನು ಹೋರಾಟಗಾರ್ತಿ ಎಂದು ನಾವು ಕರೆಯುವುದಿಲ್ಲ, ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರು ಪರದಾಡುತ್ತಿದ್ದಾರೆ ಎಂದರೆ ಅವರು ಕೋಪಿಸಿಕೊಂಡಾರು. ಇಂಗ್ಲಿಷಿನಲ್ಲಿ ಬರೆಯುವವನಿಗಾದರೋ ಎರಡಕ್ಕೂ ‘ಸ್ಟ್ರಗಲ್ ಫಾರ್ ವಾಟರ್’ ಎಂಬ ಒಂದೇ ಮಾತು ಸಾಕಾಗುತ್ತದೆ.

ನನ್ನ ವಾದ ಇಷ್ಟೇ. ಇಂಗ್ಲಿಷಿನ ಸ್ಟ್ರಗಲ್ ತನ್ನೊಳಗೆ ಎರಡು ಬೇರೆ ಕ್ರಿಯೆಗಳನ್ನು ಇಟ್ಟುಕೊಂಡಿದೆ. ಒಂದು, ಎದುರಾಳಿಯೊಡನೆ ಸೆಣಸುವುದು. ಇನ್ನೊಂದು, ಎದುರಾಳಿಯೇ ಇಲ್ಲದೆ ಕೈಕಾಲು ಬಡಿಯುವುದು. ಕನ್ನಡ ಇವೆರಡನ್ನೂ ಬೇರೆ ಬೇರೆ ಮನೆಗಳಲ್ಲಿ ಇಟ್ಟಿದೆ. ಹೀಗಿದ್ದೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ನಮ್ಮ ಕೈ ತಾನಾಗಿಯೇ ‘ಹೋರಾಟ’ದ ಕಡೆಗೆ ಹೋಗುತ್ತದೆ.

ನನ್ನ ಕೈಯೂ ಹೋಗಿತ್ತು. ಹಲವು ವರ್ಷಗಳ ಹಿಂದೆ ಪ್ರಾಥಮಿಕ ಶಾಲೆಗಳ ಕುರಿತ ವರದಿಯೊಂದನ್ನು ಅನುವಾದಿಸುವಾಗ, ಮಕ್ಕಳು ಓದುವುದಕ್ಕೆ ಕಷ್ಟಪಡುತ್ತಾರೆ ಎಂಬ ಅರ್ಥದ ವಾಕ್ಯದಲ್ಲಿ ‘ಸ್ಟ್ರಗಲ್ ವಿತ್ ರೀಡಿಂಗ್’ ಎಂಬ ಮಾತು ಬಂದಿತ್ತು. ನಾನು ‘ಮಕ್ಕಳು ಓದಿನೊಂದಿಗೆ ಹೋರಾಡುತ್ತಾರೆ’ ಎಂದು ಬರೆದು ಕಳಿಸಿದೆ. ಕರಡು ನೋಡಿದ ಹಿರಿಯ ಶಿಕ್ಷಕಿಯೊಬ್ಬರು ಫೋನ್ ಮಾಡಿ, “ಸಾರ್, ನಮ್ಮ ಮಕ್ಕಳು ಓದಿನ ಮೇಲೆ ಯಾವಾಗ ಯುದ್ಧ ಹೂಡಿದರು? ಪಾಪ, ಅವು ಒಂದೊಂದು ಅಕ್ಷರ ಕೂಡಿಸೋಕೆ ತಿಣುಕಾಡ್ತಾವೆ ಅಷ್ಟೆ” ಎಂದರು. ತಿಣುಕಾಡು ಎಂಬ ಪದ ನನಗೆ ಗೊತ್ತಿರಲಿಲ್ಲವೆಂದಲ್ಲ. ಮನೆಯಲ್ಲಿ ದಿನಾ ಆಡುವ ಪದವದು. ಬರೆಯುವ ಮೇಜಿನ ಮುಂದೆ ಕೂತಾಗ ಮಾತ್ರ ನೆನಪಿಗೆ ಬರಲಿಲ್ಲ.

ಈಗ ಪದದ ಹುಟ್ಟಿನ ಕಡೆಗೆ ಸ್ವಲ್ಪ ಹೋಗೋಣ. ಸ್ಟ್ರಗಲ್ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವುದು 14ನೆಯ ಶತಮಾನದ ಕೊನೆಯ ಭಾಗದಲ್ಲಿ. ಅದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ: ಕೆಲವರು ದ್ವೇಷ ಎಂಬ ಅರ್ಥದ ಹಳೆಯ ನಾರ್ಸ್ ಪದವೊಂದಕ್ಕೆ ಗಂಟು ಹಾಕುತ್ತಾರೆ, ಇನ್ನು ಕೆಲವರು ಎಡವು ಎಂಬ ಅರ್ಥದ ಡಚ್ ಮತ್ತು ಜರ್ಮನ್ ಪದಗಳ ಕಡೆಗೆ ಬೆರಳು ತೋರಿಸುತ್ತಾರೆ. ದ್ವೇಷಕ್ಕೆ ಇನ್ನೊಬ್ಬ ಬೇಕು, ಎಡವುವುದಕ್ಕೆ ಒಬ್ಬನೇ ಸಾಕು. ಪದದ ಇಂದಿನ ಎರಡು ಮುಖಗಳು ಮೂಲದ ಜಗಳದಲ್ಲಿಯೂ ಕಾಣಿಸಿಕೊಂಡಿರುವುದು ಕಾಕತಾಳೀಯವೇ ಇರಬಹುದು, ಆದರೂ ಹೇಳದೆ ಇರಲಾರೆ.

ಪದದ ಆರಂಭದ ಬಳಕೆಗಳಲ್ಲಿ ಒಂದು, ಅದೇ ಶತಮಾನದ ಇಂಗ್ಲಿಷ್ ಕವಿ ಚಾಸರನ ‘ವರ್ತಕನ ಕಥೆ’ಯಲ್ಲಿದೆ. ಮುದುಕ ಗಂಡ ಕುರುಡನಾಗಿದ್ದಾನೆ. ಎಳೆಯ ಹೆಂಡತಿ ಪಿಯರ್ ಹಣ್ಣಿನ ಮರವೊಂದರ ಮೇಲೆ ಪ್ರಿಯಕರನ ಜೊತೆಯಲ್ಲಿದ್ದಾಳೆ. ದೇವತೆಯ ಕೃಪೆಯಿಂದ ಗಂಡನಿಗೆ ಥಟ್ಟನೆ ಕಣ್ಣು ಬಂದುಬಿಡುತ್ತದೆ. ಆಕೆ ಗಾಬರಿಯಾಗುವುದಿಲ್ಲ. ನಿಮ್ಮ ಕಣ್ಣು ಬರಬೇಕಾದರೆ ಮರದ ಮೇಲೆ ಗಂಡಸೊಬ್ಬನ ಜೊತೆ ‘ಸ್ಟ್ರಗಲ್’ ಮಾಡುವುದೇ ಮದ್ದೆಂದು ನನಗೆ ಹೇಳಿದ್ದರು ಎನ್ನುತ್ತಾಳೆ. ಗಂಡ ಆ ಪದವನ್ನೇ ಹಿಡಿದು, ತಾನು ಕಂಡದ್ದು ಅದಲ್ಲ ಎಂದು ಕೂಗಾಡುತ್ತಾನೆ. ಇಂಗ್ಲಿಷ್ ಸಾಹಿತ್ಯಕ್ಕೆ ಈ ಕ್ರಿಯಾಪದ ಪ್ರವೇಶ ಪಡೆಯುವಾಗಲೇ ಅದರ ಅರ್ಥದ ಬಗ್ಗೆ ಗಂಡಹೆಂಡಿರಿಗೆ ತಕರಾರು. ನಮಗೆ ಬೇಕಾದ ಅಂಶವೆಂದರೆ, ಅಲ್ಲಿ ಸ್ಟ್ರಗಲ್ ಎಂದರೆ ಮೈಗೆ ಮೈ ತಾಗಿಸಿ ಇಬ್ಬರು ಮಾಡುವ ಕೆಲಸ. ಒಬ್ಬನೇ ಕಷ್ಟಪಡುವುದು ಎಂಬ ಅರ್ಥ ಆಮೇಲೆ ಬೆಳೆದದ್ದು.

ಪದದ ರೂಪದಲ್ಲಿ ನಮಗೆ ಹತ್ತಿರವಾದ ಸಂಗತಿಯೊಂದಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದದ ಕೊನೆಗೆ ‘ಲ್’ ಎಂಬ ಪ್ರತ್ಯಯ ಸೇರಿದರೆ ಕ್ರಿಯೆ ಮತ್ತೆ ಮತ್ತೆ ನಡೆಯುವುದನ್ನು ಸೂಚಿಸುತ್ತದೆ. ‘ರೆಸ್ಟ್’ ಎಂದರೆ ತಿರುಚಿ ಕಿತ್ತುಕೊಳ್ಳುವುದು, ‘ರೆಸಲ್’ ಎಂದರೆ ಮತ್ತೆ ಮತ್ತೆ ತಿರುಚಾಡುವುದು, ಅಂದರೆ ಕುಸ್ತಿ. ‘ಸ್ಪಾರ್ಕ್’ ಒಂದು ಕಿಡಿ, ‘ಸ್ಪಾರ್ಕಲ್’ ಮಿನುಗುತ್ತಲೇ ಇರುವುದು. ‘ಕ್ರ್ಯಾಕ್’ ಒಂದು ಸಲ, ‘ಕ್ರ್ಯಾಕಲ್’ ಚಟಪಟ ಚಟಪಟ. ಸ್ಟ್ರಗಲ್ ಈ ಮನೆತನಕ್ಕೆ ಸೇರಿದ ಪದ. ಅದರ ಬುಡದಲ್ಲಿರಬೇಕಾದ ‘ಸ್ಟ್ರಗ್’ ಮಾತ್ರ ಬಳಕೆಯಲ್ಲಿಲ್ಲ.

ಕನ್ನಡದಲ್ಲಿ ಈ ಕೆಲಸ ಮಾಡುವುದು ‘ಆಡು’. ಓಡು ಒಂದು ಕ್ರಿಯೆ, ಓಡಾಡು ಅದರ ಆವೃತ್ತಿ. ಎಳೆ, ಎಳೆದಾಡು, ಅಲೆ, ಅಲೆದಾಡು, ತಡಕು, ತಡಕಾಡು, ಒದೆ, ಒದ್ದಾಡು. ನಮ್ಮ ಕಷ್ಟದ ಕ್ರಿಯಾಪದಗಳೆಲ್ಲ ಹೆಚ್ಚುಕಡಿಮೆ ಈ ಸಾಲಿನಲ್ಲೇ ಕೂತಿರುವುದನ್ನು ತಾವು ಗಮನಿಸಬೇಕು: ಹೋರಾಡು, ಹೆಣಗಾಡು, ತಿಣುಕಾಡು, ಒದ್ದಾಡು, ಗುದ್ದಾಡು, ಪೇಚಾಡು, ಪರದಾಡು. ಸ್ಟ್ರಗ್‌ನಂತೆಯೇ ಪರದಾಡುವಿನ ಬುಡವೂ ಇಂದು ಒಂಟಿಯಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಸಾವಿರಾರು ಮೈಲಿ ದೂರದ, ನಂಟಿಲ್ಲದ ಎರಡು ಭಾಷೆಗಳು ಒಂದೇ ಉಪಾಯ ಹೂಡಿವೆ. ಒಂದೇ ಏಟಿಗೆ ಮುಗಿಯುವ ಕೆಲಸಕ್ಕೆ ಯಾರೂ ಹೆಣಗಾಟ ಎನ್ನುವುದಿಲ್ಲವಲ್ಲ. ಮತ್ತೆ ಮತ್ತೆ ಮಾಡಿಯೂ ಮುಗಿಯದೆ ಇರುವುದೇ ಅದರ ಲಕ್ಷಣ.

ನಮ್ಮ ಆಡು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹೊಡೆದಾಡು, ಬಡಿದಾಡು ಎಂದಾಗ ಅದು ಆವೃತ್ತಿಗಿಂತ ಹೆಚ್ಚಾಗಿ ಪರಸ್ಪರತೆಯನ್ನು ಸೂಚಿಸುತ್ತದೆ. ಹೊಡೆದಾಡಲು ಇಬ್ಬರು ಬೇಕು, ಒಬ್ಬನೇ ಕೂತು ಹೊಡೆದಾಡಲಾರ. ಒದ್ದಾಡಲು ಮಾತ್ರ ಒಬ್ಬನೇ ಸಾಕು, ಅವನ ಕಾಲು ಗಾಳಿಯನ್ನೋ ನೀರನ್ನೋ ಒದೆಯುತ್ತಿರುತ್ತದೆ. ರೂಪದಲ್ಲಿ ಒಂದೇ ಬಗೆಯ ಎರಡು ಪದಗಳಲ್ಲಿ ಒಂದು ಜಗಳದ ಕಡೆಗೆ ಹೋಯಿತು, ಇನ್ನೊಂದು ಸಂಕಟದ ಕಡೆಗೆ ಹೋಯಿತು. ಇಂಗ್ಲಿಷಿನಲ್ಲಿ ಈ ಎರಡು ದಾರಿಗಳನ್ನೂ ಸ್ಟ್ರಗಲ್ ಒಂದೇ ನಡೆದಿದೆ.

ಹೋರಾಡುವಿನ ‘ಹೋರು’ ಹಳಗನ್ನಡದ ‘ಪೋರ್’. ಪಕಾರ ಹಕಾರವಾಗಿದೆ, ಅಷ್ಟೆ. ತಮಿಳಿನಲ್ಲಿ ಇಂದಿಗೂ ಪೋರ್ ಎಂದರೆ ಯುದ್ಧ. ಆದ್ದರಿಂದ ಹೋರಾಟವೆಂಬ ಪದದ ಬೆನ್ನಿಗೆ ರಣರಂಗವಿದೆ, ಎದುರು ಪಕ್ಷವಿದೆ, ಸೋಲುಗೆಲುವುಗಳಿವೆ. ಸ್ವಾತಂತ್ರ್ಯ ಹೋರಾಟಕ್ಕೆ, ರೈತ ಹೋರಾಟಕ್ಕೆ, ಕನ್ನಡಪರ ಹೋರಾಟಕ್ಕೆ ಅದು ಹೇಳಿ ಮಾಡಿಸಿದ ಪದ.

ಹೆಣಗು ಬೇರೆಯ ಜಾತಿಯದು. ಹಳಗನ್ನಡದಲ್ಲಿ ಅದು ‘ಪೆಣಗು’. ಜಡೆ ಹೆಣೆ, ಬುಟ್ಟಿ ಹೆಣೆ ಎನ್ನುವಾಗಿನ ‘ಹೆಣೆ’ಗೂ ಅದಕ್ಕೂ ನಂಟಿದೆ. ಒಂದಕ್ಕೊಂದು ಸುತ್ತಿಕೊಂಡು ಬಿಡಿಸಲಾಗದಂತಾಗುವುದು ಅದರ ಮೂಲ ಚಿತ್ರ. ಕುಸ್ತಿಯ ಅಖಾಡದಲ್ಲಿ ಇಬ್ಬರು ಪೈಲ್ವಾನರು ತೋಳಿಗೆ ತೋಳು ಹೆಣೆದು ನಿಂತಾಗ ಯಾರ ಕೈ ಯಾವುದೆಂದು ನೋಡುವವರಿಗೆ ತಿಳಿಯದ ಕ್ಷಣವೊಂದಿರುತ್ತದೆ, ಪೆಣಗು ಎಂದರೆ ಅದು. ಪ್ರಾಚೀನ ಬಳಕೆಯಲ್ಲಿ ಸೆಣಸಾಟದ ಅರ್ಥವಿದ್ದ ಈ ಪದ ಕ್ರಮೇಣ ಎದುರಾಳಿಯನ್ನು ಕಳೆದುಕೊಂಡು, ಇಂದು ಸಂಸಾರದ ಜೊತೆ, ಸಾಲದ ಜೊತೆ, ಬಿಚ್ಚಲಾರದ ಮುಚ್ಚಳದ ಜೊತೆ ಹೆಣಗುವವರೆಗೆ ಬಂದಿದೆ. ಇಬ್ಬರ ಕುಸ್ತಿಯಿಂದ ಒಬ್ಬನ ಕಷ್ಟದವರೆಗಿನ ಈ ಪಯಣ ಸ್ಟ್ರಗಲ್ ಮಾಡಿದ ಪಯಣವೇ. ಸ್ಟ್ರಗಲ್‌ಗೆ ಕನ್ನಡದಲ್ಲಿ ಒಂದೇ ಒಂದು ಪದ ಕೊಡಿ ಎಂದು ಯಾರಾದರೂ ಪಟ್ಟು ಹಿಡಿದರೆ ನಾನು ಹೋರಾಡು ಎನ್ನುವುದಿಲ್ಲ, ಹೆಣಗು ಎನ್ನುತ್ತೇನೆ.

ಪಕ್ಕದ ಕೆಲವು ಪದಗಳನ್ನು ಬೇಗನೆ ನೋಡಿ ಮುಂದೆ ಹೋಗುತ್ತೇನೆ. ‘ಗ್ರ್ಯಾಪಲ್’ ಎಂಬುದರ ಮೂಲ ಕೊಕ್ಕೆ ಎಂಬರ್ಥದ ಹಳೆಯ ಫ್ರೆಂಚ್ ಪದ, ಆದ್ದರಿಂದ ಅದರಲ್ಲಿ ಹಿಡಿತ ಮುಖ್ಯ. ಸಮಸ್ಯೆಯನ್ನು ಗಟ್ಟಿಯಾಗಿ ಹಿಡಿದುಕೊಂಡವನು ಗ್ರ್ಯಾಪಲ್ ಮಾಡುತ್ತಾನೆ. ‘ಕೋಪ್’ ಕೂಡ ಫ್ರೆಂಚಿನ ಏಟು ಎಂಬ ಪದದಿಂದ ಬಂದದ್ದು, ಮೊದಲು ಕೈ ಕೈ ಮಿಲಾಯಿಸುವುದು ಎಂಬ ಅರ್ಥವಿದ್ದು ಈಗ ನಿಭಾಯಿಸುವುದು ಎಂದಾಗಿದೆ. ಹಳೆ ಮೈಸೂರಿನ ಕಡೆಯ ‘ಏಗು’ ಎಂಬ ಪುಟ್ಟ ಪದ ಕೋಪ್ ಮತ್ತು ಸ್ಟ್ರಗಲ್ ಎರಡನ್ನೂ ನುಂಗಿಕೊಂಡಿದೆ. “ಇವನ ಜೊತೆ ಏಗಿ ಏಗಿ ಸಾಕಾಯ್ತು” ಎಂದು ತಾಯಂದಿರು ಹೇಳುವುದನ್ನು ಯಾವ ನಿಘಂಟುಕಾರನೂ ಒಂದೇ ಇಂಗ್ಲಿಷ್ ಪದದಲ್ಲಿ ಹಿಡಿಯಲಾರ. ‘ಸ್ಟ್ರೈವ್’ ಗೌರವದ ಪದ, ಶ್ರಮಿಸು ಎಂದರೆ ಸಾಕು. ‘ಫ್ಲೌಂಡರ್’ ಮತ್ತು ‘ಫೌಂಡರ್’ ಎಂಬ ಕ್ರಿಯಾಪದಗಳನ್ನು ಇಂಗ್ಲಿಷರೇ ಆಗಾಗ ಬೆರೆಸಿಬಿಡುತ್ತಾರೆ. ಫೌಂಡರ್ ತಳ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು, ನೀರು ತುಂಬಿದ ಹಡಗು ತಳ ಸೇರುವುದು. ಫ್ಲೌಂಡರ್ ಎಂದರೆ ಇನ್ನೂ ಮುಳುಗದೆ ಕೆಸರಿನಲ್ಲೋ ನೀರಿನಲ್ಲೋ ಒದ್ದಾಡುತ್ತಿರುವುದು. ಒದ್ದಾಡುತ್ತಿರುವ ಕಂಪನಿಯನ್ನು ಮುಳುಗಿತು ಎಂದು ಬರೆದರೆ ಷೇರು ಕೊಂಡವರು ನಿಮ್ಮ ಮನೆ ಹುಡುಕಿಕೊಂಡು ಬಂದಾರು.

ಇನ್ನು ವ್ಯಾಕರಣ. ಸ್ಟ್ರಗಲ್ ಅಕರ್ಮಕ ಕ್ರಿಯಾಪದ. ಅದಕ್ಕೆ ನೇರವಾದ ಕರ್ಮ ಸೇರುವುದಿಲ್ಲ. ಅರ್ಥವನ್ನು ತೀರ್ಮಾನಿಸುವುದು ಅದರ ಬೆನ್ನಿಗೆ ಬರುವ ಸಣ್ಣ ಪದ. ‘ಅಗೇನ್ಸ್ಟ್’ ಬಂದರೆ ಹೆಚ್ಚಾಗಿ ಎದುರಾಳಿಯೋ ಅನ್ಯಾಯವೋ ಇರುತ್ತದೆ, ಹೋರಾಡು ಒಪ್ಪುತ್ತದೆ. ‘ವಿತ್’ ಬಂದರೆ ಎಚ್ಚರಿಕೆ ಬೇಕು. ಕಳ್ಳನ ಜೊತೆಯಾದರೆ ಗುದ್ದಾಟ, ಲೆಕ್ಕದ ಜೊತೆಯಾದರೆ ಹೆಣಗಾಟ. ‘ಫಾರ್’ ಬಂದರೆ ನಾನು ಆರಂಭದಲ್ಲಿ ಹೇಳಿದ ನೀರಿನ ಕಥೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ‘ಟು’ ಬಂದಾಗ. ಈ ಟು ಒಂದಲ್ಲ, ಎರಡು. ‘ಹಿ ಸ್ಟ್ರಗಲ್ಡ್ ಟು ಸ್ಟ್ಯಾಂಡ್’ ಎಂದರೆ ಎದ್ದು ನಿಲ್ಲಲು ಹೆಣಗಿದ. ಎದ್ದನೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ‘ಹಿ ಸ್ಟ್ರಗಲ್ಡ್ ಟು ಹಿಸ್ ಫೀಟ್’ ಎಂದರೆ ಎದ್ದೇ ಬಿಟ್ಟ. ಮೊದಲನೆಯದರಲ್ಲಿ ಟು ಮುಂದಿನ ಕ್ರಿಯಾಪದವನ್ನು ಜೋಡಿಸುತ್ತದೆ, ಎರಡನೆಯದರಲ್ಲಿ ಅದು ತಲುಪಿದ ಜಾಗವನ್ನು ತೋರಿಸುತ್ತದೆ. ಕೋಟಿನೊಳಕ್ಕೆ, ಬಾಗಿಲಿನಾಚೆಗೆ, ದಡದ ಕಡೆಗೆ ಎಂದು ದಿಕ್ಕು ತೋರುವ ಪದ ಬಂದಾಗಲೆಲ್ಲ ಸ್ಟ್ರಗಲ್ ಒಂದು ಬಗೆಯ ನಡಿಗೆಯಾಗಿಬಿಡುತ್ತದೆ. ನಾನು ನೋಡಿರುವ ಅನುವಾದಗಳಲ್ಲಿ ಎದ್ದು ನಿಂತ ಎಷ್ಟೋ ಪಾತ್ರಗಳು ಕನ್ನಡದಲ್ಲಿ ಇನ್ನೂ ಏಳಲು ಪ್ರಯತ್ನಿಸುತ್ತಲೇ ಇವೆ.

ಈ ಜಾಗದಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಂತ ಹಸನಾದ ಸಲಕರಣೆಯಿದೆ. ‘ಮುಚ್ಚಳ ತೆಗೆಯಲು ಹೆಣಗಿದ’ ಎಂದರೆ ಫಲ ಗೊತ್ತಿಲ್ಲ. ‘ಹೆಣಗಿ ಮುಚ್ಚಳ ತೆಗೆದ’ ಎಂದರೆ ತೆಗೆದ. ‘ಹೆಣಗಿದರೂ ತೆಗೆಯಲಾಗಲಿಲ್ಲ’ ಎಂದರೆ ಸೋತ. ಹೆಣಗಾಟವನ್ನು ಮುಖ್ಯ ಕ್ರಿಯಾಪದವಾಗಿ ಕೊನೆಗಿಡಬೇಕೋ ‘ಹೆಣಗಿ’, ‘ಹೆಣಗಿದರೂ’ ಎಂಬಂಥ ಅಪೂರ್ಣ ಕ್ರಿಯಾರೂಪವಾಗಿ ಹಿಂದಕ್ಕೆ ಸರಿಸಬೇಕೋ ಎಂಬುದರಲ್ಲೇ ಫಲಿತಾಂಶ ಬಂದುಬಿಡುತ್ತದೆ. ಆದ್ದರಿಂದ ಸ್ಟ್ರಗಲ್ ಕಂಡಾಗ ಯಾವ ಪದ ಹಾಕಲಿ ಎಂದು ಯೋಚಿಸುವ ಮೊದಲು, ಕೊನೆಗೆ ಏನಾಯಿತು ಎಂದು ಮುಂದಿನ ಎರಡು ವಾಕ್ಯ ಓದಿ ನೋಡುವುದು ಒಳ್ಳೆಯದು.

ತಪ್ಪು ಪದದಿಂದ ವಿಚಾರವೇ ತಿರುಚಿಹೋಗಬಹುದು ಎಂಬುದಕ್ಕೆ ಡಾರ್ವಿನ್ ಉದಾಹರಣೆ. 1859ರಲ್ಲಿ ಪ್ರಕಟವಾದ ಜೀವಿಜಾತಿಗಳ ಹುಟ್ಟನ್ನು ಕುರಿತ ಅವನ ಗ್ರಂಥದ ಮೂರನೆಯ ಅಧ್ಯಾಯದ ಹೆಸರು ‘ಸ್ಟ್ರಗಲ್ ಫಾರ್ ಎಕ್ಸಿಸ್ಟೆನ್ಸ್’. ನಮ್ಮ ಪಾಠಗಳಲ್ಲಿ ಅದು ಜೀವನ ಹೋರಾಟ, ಉಳಿವಿಗಾಗಿ ಹೋರಾಟ ಎಂದೆಲ್ಲ ಬಂದಿದೆ. ಓದಿದ ಹುಡುಗರ ಕಣ್ಣ ಮುಂದೆ ಹುಲಿ, ಜಿಂಕೆ, ರಕ್ತ. ಡಾರ್ವಿನ್ ಅದೇ ಅಧ್ಯಾಯದಲ್ಲಿ ತಾನು ಈ ಪದವನ್ನು ವಿಶಾಲವಾದ ಅರ್ಥದಲ್ಲಿ, ರೂಪಕವಾಗಿ ಬಳಸುತ್ತಿದ್ದೇನೆಂದೂ ಒಂದು ಜೀವಿ ಇನ್ನೊಂದನ್ನು ಅವಲಂಬಿಸುವುದೂ ಅದರಲ್ಲಿ ಸೇರಿದೆಯೆಂದೂ ಸ್ಪಷ್ಟವಾಗಿ ಹೇಳುತ್ತಾನೆ. ಬರಗಾಲದಲ್ಲಿ ಆಹಾರಕ್ಕಾಗಿ ಸೆಣಸುವ ನಾಯಿಜಾತಿಯ ಎರಡು ಪ್ರಾಣಿಗಳು ನಿಜವಾಗಿಯೂ ಒಂದರೊಡನೊಂದು ಸ್ಟ್ರಗಲ್ ಮಾಡುತ್ತವೆ ಎನ್ನಬಹುದು; ಮರುಭೂಮಿಯ ಅಂಚಿನಲ್ಲಿರುವ ಗಿಡವೊಂದು ಬರದ ವಿರುದ್ಧ ಸ್ಟ್ರಗಲ್ ಮಾಡುತ್ತದೆ ಎನ್ನುವುದುಂಟು, ಸರಿಯಾಗಿ ಹೇಳಬೇಕೆಂದರೆ ಅದು ತೇವವನ್ನು ಅವಲಂಬಿಸಿದೆ ಎನ್ನಬೇಕು ಎಂಬುದು ಅವನ ವಿವರಣೆಯ ಸಾರ. ಕನ್ನಡದಲ್ಲಿ ನಾಯಿಗಳದು ಹೋರಾಟ, ಗಿಡದ್ದು ಹೆಣಗಾಟ. ಡಾರ್ವಿನ್ ಒಂದು ಪ್ಯಾರಾ ಬರೆದು ಬಿಡಿಸಬೇಕಾದ ಗಂಟು ಕನ್ನಡದಲ್ಲಿ ಕಟ್ಟಿಯೇ ಇರಲಿಲ್ಲ. ನಾವು ಅನುವಾದ ಮಾಡುವಾಗ ಕಟ್ಟಿಕೊಂಡೆವು.

ಇದರ ಅರ್ಥ ಹೋರಾಟವನ್ನು ಎಲ್ಲ ಕಡೆಯಿಂದಲೂ ಓಡಿಸಬೇಕೆಂದಲ್ಲ. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯ ಜರ್ಮನ್ ಮೂಲದಲ್ಲಿರುವುದು ‘ಕಾಂಪ್ಫ್’, ನೇರವಾಗಿ ಕಾಳಗ ಎಂಬರ್ಥದ ಪದ. ಇಂಗ್ಲಿಷಿನಲ್ಲಿ ಅದು ‘ಕ್ಲಾಸ್ ಸ್ಟ್ರಗಲ್’ ಆಯಿತು. ಅಲ್ಲಿ ವರ್ಗ ಹೋರಾಟ, ವರ್ಗ ಸಂಘರ್ಷ ಎಂಬುವೇ ಸರಿ. ವರ್ಗ ಹೆಣಗಾಟ ಎಂದು ಬರೆದರೆ ಯಾರೂ ಕ್ಷಮಿಸುವುದಿಲ್ಲ.

ಈಚಿನ ಒಂದು ಬಳಕೆಯ ಬಗ್ಗೆ ಹೇಳಲೇಬೇಕು. ಹಿಂದೆ ಮುಂದೆ ಏನೂ ಇಲ್ಲದೆ ‘ಐ ಆಮ್ ಸ್ಟ್ರಗಲಿಂಗ್’ ಎಂದಷ್ಟೇ ಹೇಳುವುದು ಈಗ ಸಾಮಾನ್ಯವಾಗಿದೆ. ಮನಸ್ಸು ಸರಿಯಿಲ್ಲ, ದಿನ ದೂಡುವುದೇ ಕಷ್ಟವಾಗಿದೆ ಎಂಬುದರ ಸಭ್ಯವಾದ ಒಪ್ಪಿಗೆ ಅದು. ಇದನ್ನು ‘ನಾನು ಹೋರಾಡುತ್ತಿದ್ದೇನೆ’ ಎಂದು ತಂದರೆ ಅದು ಸಭೆಯ ಭಾಷಣದಂತೆ ಕೇಳುತ್ತದೆ. ನಮ್ಮ ಜನ ಇಂಥ ಹೊತ್ತಿನಲ್ಲಿ “ನಂಗೆ ತುಂಬಾ ಕಷ್ಟ ಆಗ್ತಿದೆ” ಎನ್ನುತ್ತಾರೆ, ಇನ್ನೂ ಸೋತರೆ “ನನ್ನ ಕೈಲಿ ಆಗ್ತಿಲ್ಲ” ಎನ್ನುತ್ತಾರೆ. ಇಂಗ್ಲಿಷ್ ವಾಕ್ಯದಲ್ಲಿ ‘ನಾನು’ ಕರ್ತೃ, ಏನನ್ನೋ ಮಾಡುತ್ತಿರುವವನು. ಕನ್ನಡದಲ್ಲಿ ‘ನನಗೆ’ ಎಂದು ಚತುರ್ಥಿಗೆ ಇಳಿದು, ಕರ್ತೃವಿನ ಜಾಗವನ್ನು ಕಷ್ಟಕ್ಕೆ ಬಿಟ್ಟುಕೊಡುತ್ತೇವೆ. ನನ್ನ ಮಟ್ಟಿಗೆ ಕನ್ನಡದ ರಚನೆಯೇ ಆ ಸ್ಥಿತಿಗೆ ಹೆಚ್ಚು ಹತ್ತಿರವಾಗಿದೆ.

ಹಾಗಿದ್ದರೂ ಸ್ಟ್ರಗಲ್ ಎಂಬ ಪದ ಈಗ ಬೆಂಗಳೂರಿನ ಕನ್ನಡದೊಳಗೆ ತಾನೇ ಬಂದು ಕೂತಿದೆ. ಗಾಂಧಿನಗರದಲ್ಲಿ ಅವಕಾಶಕ್ಕಾಗಿ ಅಲೆಯುವ ಹುಡುಗ “ಐದು ವರ್ಷದಿಂದ ಸ್ಟ್ರಗಲ್ ಮಾಡ್ತಾ ಇದೀನಿ ಸಾರ್” ಎನ್ನುತ್ತಾನೆ. ಅವನು ಅದಕ್ಕೆ ಸೇರಿಸಿದ ಕ್ರಿಯಾಪದವನ್ನು ನೋಡಿ. ಕಷ್ಟಕ್ಕೆ, ಪಾಡಿಗೆ, ಸಂಕಟಕ್ಕೆ ನಾವು ‘ಪಡು’ ಸೇರಿಸುತ್ತೇವೆ, ಅವು ನಾವು ಅನುಭವಿಸುವಂಥವು. ಸ್ಟ್ರಗಲ್‌ಗೆ ‘ಮಾಡು’ ಸೇರಿದೆ. ಅದೊಂದು ಉದ್ಯೋಗ; ಕೆಲಸ ಸಿಕ್ಕದವನು ಮಾಡುವ ಕೆಲಸ. ಅವಕಾಶ ಸಿಕ್ಕ ಮೇಲೆ ಅದೇ ಹುಡುಗ ‘ಸ್ಟ್ರಗಲ್ ದಿನಗಳು’ ಎಂದು ಸಂದರ್ಶನದಲ್ಲಿ ಹೆಮ್ಮೆಯಿಂದ ನೆನೆಯುತ್ತಾನೆ. ಪರದಾಟದ ದಿನಗಳು ಎಂದರೆ ಆ ಹೆಮ್ಮೆ ಉಳಿಯುವುದಿಲ್ಲ, ಹೋರಾಟದ ದಿನಗಳು ಎಂದರೆ ಯಾರ ಮೇಲೆ ಎಂಬ ಪ್ರಶ್ನೆ ಬರುತ್ತದೆ. ಆ ಹುಡುಗನ ಎರವಲು ಪದವನ್ನು ತಿದ್ದಲು ನಾನು ಹೋಗುವುದಿಲ್ಲ.

ಮಾತು ಮುಗಿದ ಮೇಲೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವರೊಬ್ಬರು ಎದ್ದು, “ಸಾರ್, ನೀವು ಹೇಳಿದ್ದು ಸರಿ ಅನ್ನಿಸ್ತು. ಆದರೆ ನಾಳೆ ನಮ್ಮ ಹುಡುಗರು ಪರೀಕ್ಷೆಯಲ್ಲಿ ‘ಉಳಿವಿಗಾಗಿ ಹೆಣಗಾಟ’ ಅಂತ ಬರೆದರೆ ಮಾರ್ಕ್ಸ್ ಕೊಡೋರು ಯಾರು?” ಎಂದು ಕೇಳಿದರು. ಪರೀಕ್ಷೆಯಲ್ಲಿ ಹೋರಾಟ ಎಂದೇ ಬರೆಸಿ, ಪಾಠ ಮಾಡುವಾಗ ಮಾತ್ರ ಗಿಡದ ಉದಾಹರಣೆ ಹೇಳಿ ಎಂದೆ. ಅವರು ನಗುತ್ತ, “ಹಾಗಾದರೆ ನೀವೂ ಕೈ ಬಿಟ್ಟಿರಿ” ಎಂದು ಕೂತರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.